ಎಪ್ಪತ್ತೆಂಟರ ಅಕ್ಷಾಂಶದಲ್ಲಿ ಹಸಿರಿನ ಜಾಡು

ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಹಸಿರು ಕಂಡಲ್ಲೆಲ್ಲ ನಿಂತು, ಇದನ್ನು ಇಲ್ಲಿಗೆ ತಂದವರು ಯಾರು ಎಂದು ಕೇಳಬೇಕು. ಬೇರೆ ಊರುಗಳಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಮಳೆ ಬಿದ್ದರೆ ಹುಲ್ಲು ಏಳುತ್ತದೆ, ಅಷ್ಟೆ. ಇಲ್ಲಿ ಹಾಗಲ್ಲ. ಕಣ್ಣು ಹಾಯುವಷ್ಟೂ ದೂರ ಬೆಟ್ಟಸಾಲು ಕಂದು, ಬೂದು, ಕಪ್ಪು. ನಡುವೆ ಒಂದೇ ಒಂದು ಕಡೆ ಕಣ್ಣು ಕುಕ್ಕುವ ಹಸಿರು. ಅದರ ಅಂಚು ಗೆರೆ ಎಳೆದಷ್ಟು ಸ್ಪಷ್ಟ. ಬಿಸಿಲು ಆಚೆಗೂ ಈಚೆಗೂ ಒಂದೇ. ಹಿಮ ಕರಗಿದ ನೀರು ಎರಡೂ ಕಡೆ ಹರಿಯುತ್ತದೆ. ಕಲ್ಲು ಕೂಡ ಅದೇ ಕಲ್ಲು. ಮತ್ತೆ ಈ ಗೆರೆಯನ್ನು ಹಾಕಿದ್ದು ಏನು?

ನಾನು ಮತ್ತು ಅಕ್ಕ ಜುಲೈಯಲ್ಲಿ ಅಲ್ಲಿಗೆ ಹೋದದ್ದು ಆ ಪ್ರಶ್ನೆಯನ್ನು ಇಟ್ಟುಕೊಂಡೇನೂ ಅಲ್ಲ. ಅಕ್ಕ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಓಸ್ಲೋದಲ್ಲಿ ಮಗನ ಮನೆಗೆ ಬಂದಿದ್ದಳು. "ಇಷ್ಟು ದೂರ ಬಂದು ಟುಂಡ್ರಾ ನೋಡದೆ ಹೋದರೆ ಮೂವತ್ತು ವರ್ಷ ಅದನ್ನ ಬೋರ್ಡ್ ಮೇಲೆ ಬರೆದಿದ್ದಕ್ಕೆ ಏನರ್ಥವೋ?" ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಹೊರಟೆವು.

ನಾರ್ವೆಯ ಮುಖ್ಯಭೂಮಿ ಮುಗಿದ ಮೇಲೆ ವಿಮಾನ ಇನ್ನೂ ಬಹಳ ಹೊತ್ತು ಬರಿಯ ಸಮುದ್ರದ ಮೇಲೆ ಹಾರುತ್ತದೆ. ಆಮೇಲೆ ಮೋಡ ಸೀಳಿ ಬಿಳಿಯ ಚೂಪು ಶಿಖರಗಳು ಏಳುತ್ತವೆ. ಸುಮಾರು 61,000 ಚದರ ಕಿಲೋಮೀಟರಿನ ಈ ದ್ವೀಪಸಮೂಹದ ಶೇ. 60ರಷ್ಟು ಭಾಗ ಹಿಮನದಿಗಳ ಅಡಿಯಲ್ಲಿದೆ. ಉಳಿದ ನೆಲದ ಒಳಗೆ ಬೇಸಗೆಯಲ್ಲೂ ಕರಗದ ಹೆಪ್ಪು, ಅಂದರೆ ಪರ್ಮಾಫ್ರಾಸ್ಟ್. ಕಣಿವೆಗಳಲ್ಲಿ ಅದು 100 ಮೀಟರಿನಷ್ಟು ಆಳ, ಬೆಟ್ಟಗಳಲ್ಲಿ 400–500 ಮೀಟರ್. ಜುಲೈ-ಆಗಸ್ಟಿನಲ್ಲಿ ಮೇಲಿನ ಒಂದು ಮೀಟರಿನ ಆಸುಪಾಸಿನ ಪದರ ಮಾತ್ರ ಕರಗಿ ಮೆದುವಾಗುತ್ತದೆ. ಬೇರು, ಹುಳು, ಸೂಕ್ಷ್ಮಜೀವಿ ಎಲ್ಲರ ಸಂಸಾರವೂ ಅಷ್ಟರಲ್ಲೇ ನಡೆಯಬೇಕು. ಮುಖ್ಯ ಊರು ಲಾಂಗ್‌ಇಯರ್‌ಬೀನ್ ಇರುವುದು 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 20ರ ಹೊತ್ತಿಗೆ ಮೇಲೇರಿದ ಸೂರ್ಯ ಆಗಸ್ಟ್ 22ರ ತನಕ ಮುಳುಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಕಿಟಕಿಯ ಪರದೆ ಸರಿಸಿದರೆ ಎದುರು ಬೆಟ್ಟದ ಮೇಲೆ ಹಗಲು ಸುರಿಯುತ್ತಿತ್ತು. ಅಕ್ಕ ಮಲಗಲೇ ಇಲ್ಲ.

ಮೊದಲ ಹಸಿರು ಕಂಡದ್ದು ದೋಣಿಯಿಂದ. ಐಸ್‌ಫಿಯೋರ್ಡ್ ಎಂಬ ದೊಡ್ಡ ಕೊಲ್ಲಿಯ ಬಾಯಿಯಲ್ಲಿ ಆಲ್ಕ್‌ಹಾರ್ನೆಟ್ ಎಂಬ ಬೆಟ್ಟವಿದೆ. ಸಮುದ್ರದ ಅಂಚಿನಿಂದ 400 ಮೀಟರಿಗೂ ಎತ್ತರಕ್ಕೆ ಕೊಂಬು ಎದ್ದಂತೆ ನಿಂತಿದೆ. ಒಂದು ಮೈಲಿ ದೂರವಿರುವಾಗಲೇ ಶಬ್ದ ಬಂತು. ಸಂತೆಯೋ ಜಲಪಾತವೋ ತಿಳಿಯದ ಒಂದೇ ಸಮನೆಯ ಗದ್ದಲ. ಅದರ ಹಿಂದೆಯೇ ವಾಸನೆ ಬಂತು. ಮೂಗಿಗೆ ಚುಚ್ಚುವ, ಕಣ್ಣಲ್ಲಿ ನೀರು ತರಿಸುವ ಅಮೋನಿಯಾ. ಹತ್ತಿರವಾದಾಗ ಬಂಡೆಯ ಪ್ರತಿ ಮೆಟ್ಟಿಲಿನ ಮೇಲೂ ಹಕ್ಕಿ. ಕಪ್ಪು ಬೆನ್ನು, ಬಿಳಿ ಎದೆಯ ಬ್ರೂನಿಕ್ ಗಿಲ್ಲೆಮಾಟ್‌ಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದವು. ಗೂಡು ಎಂಬುದೇ ಇಲ್ಲ. ಬರಿ ಕಲ್ಲಿನ ಮೇಲೆ ಒಂದೇ ಒಂದು ಮೊಟ್ಟೆ. ಅವುಗಳ ನಡುನಡುವೆ ಕಿಟ್ಟಿವೇಕ್ ಎಂಬ ಕಡಲಹಕ್ಕಿಗಳು ಕೆಸರು ಹುಲ್ಲು ಕಲಸಿ ಅಂಟಿಸಿದ ಗೂಡುಗಳಲ್ಲಿ ಕೂತು ತಮ್ಮ ಹೆಸರನ್ನೇ ಕೂಗುತ್ತಿದ್ದವು. ಬಂಡೆಯ ಮೈಯೆಲ್ಲ ಸುಣ್ಣ ಬಳಿದ ಹಾಗೆ ಬಿಳಿ.

ಆ ಬಂಡೆಯ ಬುಡದಿಂದ ಸಮುದ್ರದ ದಡದ ತನಕ ಇಳಿಜಾರಿನ ತುಂಬ ಹಸಿರು. ನಾನು ಅಂಥದ್ದನ್ನು ಈ ಅಕ್ಷಾಂಶದಲ್ಲಿ ನಿರೀಕ್ಷಿಸಿಯೇ ಇರಲಿಲ್ಲ. ಕಾಲಿಟ್ಟರೆ ಪಾದ ಮುಳುಗುವ ಹಾವಸೆ. ಅದರ ಮೇಲೆ ದಪ್ಪ ಎಲೆಯ ಹುಲ್ಲು, ಹಳದಿ ಹೂವಿನ ಬಟರ್‌ಕಪ್, ಮೂಲಂಗಿಯ ಕುಲದ ಸ್ಕರ್ವಿ ಗಿಡ. ಹಿಮಸಾರಂಗಗಳು ತಲೆ ಎತ್ತದೆ ಮೇಯುತ್ತಿದ್ದವು. ಗಿಡ್ಡ ಕಾಲಿನ, ಗುಂಡಗಿನ ಸ್ವಾಲ್ಬಾರ್ಡಿನದೇ ತಳಿ ಅದು; ಬೇಟೆಯಿಂದ ಅಳಿಯುವ ಹಂತ ತಲುಪಿ, 1925ರಲ್ಲಿ ರಕ್ಷಣೆ ಸಿಕ್ಕ ಮೇಲೆ ಚೇತರಿಸಿಕೊಂಡದ್ದು. ನರಿಯೊಂದು ಬಂಡೆಯ ಬುಡದಲ್ಲಿ ಮೂಸುತ್ತ ಓಡಾಡುತ್ತಿತ್ತು, ಮೇಲಿಂದ ಬೀಳುವ ಮರಿಗಾಗಿ.

ಅಕ್ಕ ಬಂಡೆ ನೋಡಿದಳು, ಹುಲ್ಲು ನೋಡಿದಳು. "ಗೊತ್ತಾಯ್ತೇನೋ? ನಮ್ಮ ಕೊಕ್ಕರೆ ಬೆಳ್ಳೂರಲ್ಲಿ ಮರದ ಬುಡಕ್ಕೆ ಗುಂಡಿ ತೋಡಿ ಹಕ್ಕಿ ಹಿಕ್ಕೆ ಕೂಡಿಸಿ ಗೊಬ್ಬರ ಮಾಡ್ತಾರಲ್ಲ, ಅದೇ ಇದು. ಗುಂಡಿ ತೋಡೋರು ಇಲ್ಲ, ಅಷ್ಟೇ ವ್ಯತ್ಯಾಸ." ನಮ್ಮ ತಾಯಿಯ ತವರು ಮದ್ದೂರು ತಾಲ್ಲೂಕು, ಆ ಊರಿನ ಹುಣಸೆ, ಆಲದ ಮರಗಳ ಮೇಲೆ ಹೆಜ್ಜಾರ್ಲೆಗಳು ಕೂತಿರುವುದನ್ನು ನೋಡುತ್ತ ಬೆಳೆದವಳು ಅಕ್ಕ. ಬಂದೂಕು ಹೆಗಲಿಗೇರಿಸಿ ಧ್ರುವಕರಡಿಗಾಗಿ ದಿಗಂತವನ್ನು ನೋಡುತ್ತಿದ್ದ ನಮ್ಮ ಮಾರ್ಗದರ್ಶಿ ಹುಡುಗಿಗೆ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಎಷ್ಟು ಖುಷಿಪಟ್ಟಳೆಂದರೆ ಊರಿನ ಹೆಸರನ್ನು ಬರೆದುಕೊಂಡಳು.

ಈಗ ಸಾರಜನಕದ ಮಾತಿಗೆ ಬರಬೇಕು. ಗಾಳಿಯಲ್ಲಿ ಸಾರಜನಕ ಶೇ. 78. ನಾವು ನಿಂತಿದ್ದ ಅಕ್ಷಾಂಶವೂ 78. ಈ ಎರಡು ಅಂಕೆಗಳು ಹೊಂದಿಕೊಂಡದ್ದು ಬರಿಯ ಆಕಸ್ಮಿಕ, ಆದರೂ ಅದು ಮನಸ್ಸಿನಿಂದ ಹೋಗಲಿಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ನಿಂತ ಗಾಳಿಯ ಕಂಬದಲ್ಲಿ 7 ಟನ್ನಿಗೂ ಹೆಚ್ಚು ಸಾರಜನಕವಿದೆ. ಅದರ ಕೆಳಗೆ, ಅದೇ ಚದರ ಮೀಟರಿನಲ್ಲಿ, ಬೆರಳುದ್ದದ ಗಿಡವೊಂದು ಸಾರಜನಕವಿಲ್ಲದೆ ಸೊರಗುತ್ತಿರುತ್ತದೆ. ಪ್ರೋಟೀನು, ಪತ್ರಹರಿತ್ತು, ಡಿಎನ್‌ಎ ಯಾವುದನ್ನು ಕಟ್ಟಲೂ ಸಾರಜನಕ ಬೇಕು. ಆದರೆ ಗಾಳಿಯಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುತ್ತವೆ. ಗಿಡಕ್ಕಾಗಲಿ, ಪ್ರಾಣಿಗಾಗಲಿ ಆ ಬಿಗಿತ ಬಿಡಿಸುವ ಶಕ್ತಿಯಿಲ್ಲ. ಸಿಡಿಲು ಬಿಡಿಸಬಲ್ಲದು; ಆದರೆ ಈ ಉತ್ತರದಲ್ಲಿ ಸಿಡಿಲು ಅಪರೂಪ. ಕೆಲವು ಬ್ಯಾಕ್ಟೀರಿಯಾಗಳು ಬಿಡಿಸಬಲ್ಲವು. ಕಳೆದ ನೂರು ವರ್ಷಗಳಿಂದೀಚೆಗೆ ಮನುಷ್ಯನ ಕಾರ್ಖಾನೆಗಳೂ ಬಿಡಿಸುತ್ತವೆ.

ಆ ಕಾರ್ಖಾನೆಯ ಕಥೆಗೆ ಈ ಉತ್ತರದ ಆಕಾಶದ ನಂಟಿದೆ. ಕ್ರಿಸ್ಟಿಯಾನ್ ಬಿರ್ಕಲೆಂಡ್ ಎಂಬ ನಾರ್ವೆಯ ಭೌತವಿಜ್ಞಾನಿ ಧ್ರುವಪ್ರಭೆ ಏಕೆ ಮೂಡುತ್ತದೆ ಎಂದು ಹುಡುಕುತ್ತ ಚಳಿಗಾಲಗಳನ್ನು ಬೆಟ್ಟದ ನೆತ್ತಿಗಳಲ್ಲಿ ಕಳೆದವನು. ಸೂರ್ಯನಿಂದ ಬರುವ ವಿದ್ಯುತ್ ಕಣಗಳು ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕಿ ಧ್ರುವಗಳ ಕಡೆ ಇಳಿಯುತ್ತವೆ ಎಂದು ಅವನು ಹೇಳಿದ. ಆ ಪ್ರಭೆಯ ಕೆಳ ಅಂಚಿನ ನೀಲಿ, ನೇರಳೆ, ಗುಲಾಬಿ ಬಣ್ಣಗಳು ಸಾರಜನಕದವು. ಅದೇ ಮನುಷ್ಯ 1903ರಲ್ಲಿ ಸ್ಯಾಮ್ ಐಡೆ ಎಂಬ ಎಂಜಿನಿಯರನ ಜೊತೆ ಸೇರಿ, ಕಾಂತದ ಬಲದಿಂದ ವಿದ್ಯುತ್ ಜ್ವಾಲೆಯನ್ನು ತಟ್ಟೆಯಂತೆ ಹರಡಿ, ಅದರೊಳಗೆ ಗಾಳಿ ಹಾಯಿಸಿ, ಸಾರಜನಕದ ಬಂಧ ಮುರಿಯುವ ಉಪಾಯ ಕಂಡುಕೊಂಡ. 1905ರಲ್ಲಿ ದಕ್ಷಿಣ ನಾರ್ವೆಯ ನೋಟೊಡೆನ್‌ನಲ್ಲಿ ಜಲಪಾತದ ವಿದ್ಯುತ್ತಿನಿಂದ ಗಾಳಿಯಿಂದಲೇ ಗೊಬ್ಬರ ತಯಾರಾಯಿತು. ಮುಂದೆ ಜರ್ಮನಿಯ ಹೇಬರ್ ಮತ್ತು ಬಾಷ್ ಇದಕ್ಕಿಂತ ಅಗ್ಗದ ದಾರಿ ತೋರಿಸಿದರು; 1913ರಲ್ಲಿ ಅವರ ಕಾರ್ಖಾನೆ ಶುರುವಾಯಿತು. ಇಂದು ಲೋಕದ ಸುಮಾರು ಅರ್ಧದಷ್ಟು ಜನರ ಅನ್ನ ಆ ದಾರಿಯ ಸಾರಜನಕದಿಂದ ಬೆಳೆದದ್ದು. ಆದರೆ ಮೊದಲು ಆ ಬೀಗ ತೆಗೆದವರಲ್ಲಿ ಒಬ್ಬ ಆಕಾಶದ ಬಣ್ಣ ನೋಡಲು ಹೊರಟವನು ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ.

ಹಕ್ಕಿಬಂಡೆಯಿಲ್ಲದ ಕಡೆ ಟುಂಡ್ರಾ ಹೇಗೆ ಬದುಕುತ್ತದೆ? ಅದನ್ನು ನೋಡಲು ಲಾಂಗ್‌ಇಯರ್‌ಬೀನ್ ಹಿಂದಿನ ಅಡ್ವೆಂಟ್ ಕಣಿವೆಗೆ ಹೋದೆವು. ಅಗಲವಾದ, ಸಪಾಟು ಕಣಿವೆ. ನೆಲವೆಲ್ಲ ಬಹುಭುಜಾಕೃತಿಯ ಬಿರುಕುಗಳು. ಚಳಿಗೆ ಮಣ್ಣು ಸೀಳಿ, ಸೀಳಿನೊಳಗೆ ನೀರು ಇಳಿದು ಹೆಪ್ಪುಗಟ್ಟಿ, ವರ್ಷವರ್ಷವೂ ಹಿಗ್ಗಿ ಆದದ್ದು. ದೂರದಿಂದ ನೋಡಿದರೆ ಏನೂ ಇಲ್ಲದ ನೆಲ. ಅಕ್ಕ ಮಂಡಿಯೂರಿ ಕೂತಳು. ನಾನೂ ಕೂತೆ. ಕೂತ ಮೇಲೆ ಕಾಡು ಕಾಣಿಸಿತು.

ಪೋಲಾರ್ ವಿಲ್ಲೋ ಎಂಬ ಮರ ಅಲ್ಲಿದೆ. ಅದು ನಿಜವಾಗಿಯೂ ಮರದ ಜಾತಿ, ಆದರೆ ಅದರ ಕಾಂಡ ಮಣ್ಣಿನೊಳಗೆ ತೆವಳುತ್ತದೆ. ಎರಡು ಮೂರು ಸೆಂಟಿಮೀಟರ್ ಎತ್ತರಕ್ಕೆ ಎಲೆ ಮಾತ್ರ ಹೊರಗೆ. ಅದರ ನೆತ್ತಿಯ ಮೇಲೆ ನಾವು ನಡೆದುಹೋಗುತ್ತೇವೆ. ಪಕ್ಕದಲ್ಲಿ ಎಂಟು ಎಸಳಿನ ಬಿಳಿ ಡ್ರಯಾಸ್ ಹೂ, ಸೂರ್ಯನ ಕಡೆ ಮುಖ ತಿರುಗಿಸಿ ಬೆಚ್ಚಗಿರುವುದು. ಅದರಾಚೆ ಚಿಕ್ಕ ಗಂಟೆಗಳಂಥ ಹೂ ತೂಗುವ ಕ್ಯಾಸಿಯೋಪೆ. ಇವು ಸಾರಜನಕವನ್ನು ಕೈಗೆ ಸಿಕ್ಕರೆ ಬಿಡುವುದಿಲ್ಲ. ವಿಲ್ಲೋ ತನ್ನ ಎಲೆಗಳನ್ನು ಉದುರಿಸುವ ಮೊದಲು ಅವುಗಳಲ್ಲಿನ ಸಾರಜನಕದ ದೊಡ್ಡ ಪಾಲನ್ನು ಕಾಂಡಕ್ಕೂ ಬೇರಿಗೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಕ್ಯಾಸಿಯೋಪೆ ಎಲೆಯನ್ನೇ ಉದುರಿಸದೆ ವರ್ಷಗಟ್ಟಲೆ ಹೊತ್ತುಕೊಂಡಿರುತ್ತದೆ.

ಅವರೆ, ಹುರುಳಿ, ತೊಗರಿಯ ಕುಲದ ಒಂದೇ ಒಂದು ಗಿಡವೂ ಸ್ವಾಲ್ಬಾರ್ಡಿನ ಸ್ವಂತದ್ದಲ್ಲ. ಬೇರುಗಂಟಿನಲ್ಲಿ ಬ್ಯಾಕ್ಟೀರಿಯಾ ಸಾಕಿ ಗಾಳಿಯಿಂದ ಗೊಬ್ಬರ ಮಾಡುವ ಆ ದೊಡ್ಡ ಕುಟುಂಬ ಇಲ್ಲಿಗೆ ತಲುಪಿಲ್ಲ. ಹಾಗಾದರೆ ಇಲ್ಲಿ ಆ ಕೆಲಸ ಮಾಡುವವರು ಯಾರು? ಮಾರ್ಗದರ್ಶಿ ಹುಡುಗಿ ಬಿರುಕಿನ ಅಂಚಿನಿಂದ ಏನನ್ನೋ ಬೆರಳ ತುದಿಯಲ್ಲಿ ಎತ್ತಿ ತೋರಿಸಿದಳು. ಒಣಗಿ ಮುದುರಿದ ಕಪ್ಪು ಸಿಪ್ಪೆ. ಅದರ ಮೇಲೆ ಬಾಟಲಿಯಿಂದ ಎರಡು ಹನಿ ನೀರು ಬಿಟ್ಟಳು. ನಾವು ನೋಡುತ್ತಿರುವಂತೆಯೇ ಅದು ನಿಧಾನವಾಗಿ ಉಬ್ಬಿ, ಕಪ್ಪು ಹೋಗಿ ಕಡು ಹಸಿರಾಗಿ, ಜಾರುವ ಲೋಳೆಯಾಯಿತು. "ನಾಸ್ಟಾಕ್!" ಎಂದು ಅಕ್ಕ ಕೂಗಿಯೇಬಿಟ್ಟಳು.

ನಾಸ್ಟಾಕ್ ಎಂಬುದು ಸಯನೋಬ್ಯಾಕ್ಟೀರಿಯಾ; ಮಣಿಸರದಂತೆ ಕೋಶಕ್ಕೆ ಕೋಶ ಪೋಣಿಸಿಕೊಂಡು ಲೋಳೆಯೊಳಗೆ ಬದುಕುವ ಜೀವಿ. ಸರದ ಬಹುಪಾಲು ಕೋಶಗಳು ಬೆಳಕಿನಿಂದ ಸಕ್ಕರೆ ಮಾಡುತ್ತ ಆಮ್ಲಜನಕ ಬಿಡುತ್ತವೆ. ಸಾರಜನಕ ಬಿಡಿಸುವ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಅದು ಕೆಟ್ಟುಹೋಗುತ್ತದೆ. ಹಾಗಾಗಿ ಸರದಲ್ಲಿ ಅಲ್ಲೊಂದು ಇಲ್ಲೊಂದು ಕೋಶ ದಪ್ಪ ಗೋಡೆ ಕಟ್ಟಿಕೊಂಡು, ಆಮ್ಲಜನಕ ಬಿಡುವ ತನ್ನ ಕೆಲಸವನ್ನು ತೊರೆದು, ಸಾರಜನಕ ಬಿಡಿಸುವುದೊಂದನ್ನೇ ವಹಿಸಿಕೊಳ್ಳುತ್ತದೆ. ಅಂಥ ಕೋಶ ಮತ್ತೆಂದೂ ವಿಭಜನೆಯಾಗುವುದಿಲ್ಲ. ನೆರೆಯವು ಅದಕ್ಕೆ ಸಕ್ಕರೆ ಕೊಡುತ್ತವೆ, ಅದು ಅವಕ್ಕೆ ಸಾರಜನಕ ಕೊಡುತ್ತದೆ. ಒಂದು ಸಾರಜನಕ ಅಣುವನ್ನು ಬಿಡಿಸಲು ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಹದಿನಾರು ಖರ್ಚಾಗುತ್ತವೆ. ಈ ಚಳಿಯಲ್ಲಿ, ಈ ಬಡತನದಲ್ಲಿ, ಅಷ್ಟು ಖರ್ಚು ಮಾಡಿ ಬಿಡಿಸುತ್ತದೆ. ಹಾವಸೆಯ ಎಲೆಗಳ ಸಂದಿಯಲ್ಲಿ, ಕೆಲವು ಕಲ್ಲುಹೂಗಳ ಒಳಗೆ, ಮಣ್ಣಿನ ಮೇಲಿನ ಕಪ್ಪು ಹೊಪ್ಪಳೆಯಲ್ಲಿ, ಹಿಮನದಿಯ ಮೇಲೆ ದೂಳು ಬಿದ್ದು ಆದ ಪುಟ್ಟ ಕುಳಿಗಳ ತಳದಲ್ಲಿ ಕೂಡ ಈ ಬಳಗ ಕೆಲಸ ಮಾಡುತ್ತದೆ. ಆದರೂ ಇಡೀ ವರ್ಷದ ಸಂಪಾದನೆ ಚದರ ಮೀಟರಿಗೆ ಸಾಮಾನ್ಯವಾಗಿ ಒಂದು ಗ್ರಾಮನ್ನೂ ಮುಟ್ಟುವುದಿಲ್ಲ. ತಲೆಯ ಮೇಲೆ ಏಳು ಟನ್, ಕಾಲ ಕೆಳಗೆ ಗ್ರಾಮಿನ ಚೂರು. ಇಡೀ ಟುಂಡ್ರಾ ಆ ಚೂರಿನ ಮೇಲೆ ನಿಂತಿದೆ.

ಹಾಗೆಂದು ಮಣ್ಣಿನಲ್ಲಿ ಸಾರಜನಕವೇ ಇಲ್ಲವೆಂದಲ್ಲ. ಸಾವಿರಾರು ವರ್ಷಗಳಿಂದ ಸತ್ತ ಎಲೆ, ಬೇರು, ಹಾವಸೆ ಕೊಳೆಯದೆ ಒಳಗೆ ಕೂತಿವೆ, ಸಾರಜನಕವನ್ನು ಕಟ್ಟಿಕೊಂಡೇ. ಬೆಚ್ಚನೆಯ ನಾಡುಗಳಲ್ಲಿ ಸೂಕ್ಷ್ಮಜೀವಿಗಳು ಅದನ್ನು ಒಡೆದು ಅಮೋನಿಯಂ ಮಾಡುತ್ತವೆ, ಇನ್ನು ಕೆಲವು ಅದನ್ನು ನೈಟ್ರೇಟ್ ಮಾಡುತ್ತವೆ, ಗಿಡ ಅದನ್ನು ಹೀರುತ್ತದೆ. ನಾವು ಶಾಲೆಯಲ್ಲಿ ಬಾಣಗಳ ಚಕ್ರ ಬಿಡಿಸಿದ್ದು ಇದನ್ನೇ. ಇಲ್ಲಿ ಆ ಚಕ್ರ ತುಂಬ ನಿಧಾನ. ಗಿಡಗಳಿಗೆ ಕಾಯಲು ಸಮಯವಿಲ್ಲ. 1993ರಲ್ಲಿ ಟೆರಿ ಚಾಪಿನ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆ ಇದನ್ನು ಬಯಲಿಗಿಟ್ಟಿತು. ಟುಂಡ್ರಾದ ಹತ್ತಿಹುಲ್ಲು, ಗಾಳಿಗೆ ಬಿಳಿ ಹತ್ತಿಯ ತಲೆ ಆಡಿಸುವ ಸೆಡ್ಜ್ ಅದು, ಪೂರ್ತಿ ಕೊಳೆಯುವ ತನಕ ಕಾಯದೆ ಅಮೈನೋ ಆಮ್ಲಗಳನ್ನೇ ಬೇರಿನಿಂದ ನೇರವಾಗಿ ಹೀರಿಕೊಳ್ಳುತ್ತದೆ. ಗಿಡಗಳು ಖನಿಜರೂಪದ ಸಾರಜನಕವನ್ನು ಮಾತ್ರ ಉಣ್ಣುತ್ತವೆ ಎಂಬ ಹಳೆಯ ಪಾಠ ಇಲ್ಲಿ ನಡೆಯಲಿಲ್ಲ. ವಿಲ್ಲೋ, ಡ್ರಯಾಸ್‌ಗಳು ಶಿಲೀಂಧ್ರಗಳ ಜೊತೆ ಒಪ್ಪಂದ ಮಾಡಿಕೊಂಡಿವೆ; ಬೇರಿಗಿಂತ ಎಷ್ಟೋ ತೆಳ್ಳಗಿನ ಆ ಎಳೆಗಳು ಮಣ್ಣಿನ ಸಂದುಗಳಲ್ಲಿ ನುಗ್ಗಿ ಸಾರಜನಕ ತಂದುಕೊಡುತ್ತವೆ, ಬದಲಿಗೆ ಸಕ್ಕರೆ ಪಡೆಯುತ್ತವೆ. "ಇದನ್ನ ಮೊದಲೇ ನೋಡಿದ್ದಿದ್ರೆ ಪಾಠ ಬೇರೆ ಥರ ಮಾಡ್ತಿದ್ದೆ ಕಣೋ" ಎಂದು ಅಕ್ಕ ನೆಲದಿಂದ ಏಳದೆಯೇ ಹೇಳಿದಳು.

ಕಣಿವೆಯಲ್ಲಿ ಒಂದು ಕಡೆ ಹಿಮಸಾರಂಗದ ಅಸ್ಥಿಪಂಜರ ಬಿದ್ದಿತ್ತು. ಪಕ್ಕೆಲುಬುಗಳ ಸುತ್ತ ಒಂದು ಗೇಣು ಅಗಲದ ದಟ್ಟ ಹುಲ್ಲಿನ ಅಂಚು. ಸಮುದ್ರದ ದಡಗಳಲ್ಲಿ ಹಳೆಯ ತಿಮಿಂಗಿಲಗಳ ಮೂಳೆಗಳಿವೆ. ಶತಮಾನಗಳ ಹಿಂದಿನ ಬೇಟೆಗಾರರು ಬಿಟ್ಟುಹೋದವು. ಅವುಗಳ ಮಗ್ಗುಲಲ್ಲೂ ಹಾವಸೆ ಇನ್ನೂ ಹಸಿರಾಗಿದೆ. ಒಂದು ಸಾವಿನ ಸಾರ ಇಲ್ಲಿ ಅಷ್ಟು ಕಾಲ ಬಾಳುತ್ತದೆ.

ಬ್ಯೋರ್ನ್ ಕಣಿವೆಯ ಕಲ್ಲುರಾಶಿಗಳಿಗೆ ಹೋದದ್ದು ಮಧ್ಯರಾತ್ರಿಯ ಬಿಸಿಲಿನಲ್ಲಿ. ಈ ಪ್ರವಾಸದಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಂತದ್ದು ಅಲ್ಲಿ. ಲಿಟಲ್ ಆಕ್ ಎಂಬ ಹಕ್ಕಿ ಸುಮಾರು 160 ಗ್ರಾಂ ತೂಕದ್ದು, ಅಂಗೈಯಲ್ಲಿ ಹಿಡಿಸುವಷ್ಟು. ಸ್ವಾಲ್ಬಾರ್ಡಿನಲ್ಲಿ ಅವು ಹತ್ತು ಲಕ್ಷ ಜೋಡಿಗೂ ಹೆಚ್ಚಿವೆ. ಬೆಟ್ಟದಿಂದ ಉರುಳಿದ ಕಲ್ಲುಗಳ ಸಂದಿಯಲ್ಲಿ ಅವು ಮೊಟ್ಟೆಯಿಡುತ್ತವೆ. ನಾವು ಅಲುಗಾಡದೆ ಕೂತೆವು. ಸ್ವಲ್ಪ ಹೊತ್ತಿನಲ್ಲಿ ಕಲ್ಲುಗಳ ಒಳಗಿನಿಂದ ನಕ್ಕಂಥ ಶಬ್ದ ಬಂತು. ಒಂದು ಕಲ್ಲು, ಇನ್ನೊಂದು ಕಲ್ಲು, ಆಮೇಲೆ ಇಡೀ ಬೆಟ್ಟ ನಗತೊಡಗಿತು. ಇದ್ದಕ್ಕಿದ್ದಂತೆ ಗ್ಲಾಕಸ್ ಗಲ್ ಎಂಬ ದೊಡ್ಡ ಬೇಟೆಗಾರ ಹಕ್ಕಿ ಮೇಲೆ ಬಂದಿತು. ಸಾವಿರಾರು ಲಿಟಲ್ ಆಕ್‌ಗಳು ಒಟ್ಟಿಗೆ ಎದ್ದು, ನಮ್ಮ ತಲೆಯ ಮೇಲೆ ಸುತ್ತು ಹಾಕಿ, ಗಾಳಿಯನ್ನೇ ಅಲುಗಿಸಿ, ಮತ್ತೆ ಕಲ್ಲುಗಳ ಮೇಲೆ ಉದುರಿದವು. ಅವುಗಳ ಗಂಟಲ ಚೀಲ ಉಬ್ಬಿತ್ತು. ಅದರೊಳಗೆ ಮರಿಗಾಗಿ ತಂದ ಕೋಪೆಪಾಡ್‌ಗಳು. ಕೆಲವೇ ಮಿಲಿಮೀಟರ್ ಉದ್ದದ, ಕೊಬ್ಬು ತುಂಬಿದ ಕಡಲ ಜೀವಿಗಳು, ಒಂದು ಚೀಲದಲ್ಲೇ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು.

ಸಮುದ್ರದ ತಣ್ಣನೆಯ ನೀರಿನಲ್ಲಿ ನೈಟ್ರೇಟ್ ಧಾರಾಳವಾಗಿದೆ. ಅದನ್ನು ಸೂಕ್ಷ್ಮ ಪಾಚಿಗಳು ಹೀರುತ್ತವೆ. ಪಾಚಿಯನ್ನು ಕೋಪೆಪಾಡ್ ತಿನ್ನುತ್ತದೆ. ಕೋಪೆಪಾಡನ್ನು ಹಕ್ಕಿ ತಿಂದು, ಹಾರಿ ಬಂದು, ಬೆಟ್ಟದ ಮೇಲೆ ಹಿಕ್ಕೆ ಹಾಕುತ್ತದೆ. ಸಾರಜನಕದ ಎರಡು ಸ್ಥಿರ ಐಸೋಟೋಪ್‌ಗಳಲ್ಲಿ ಭಾರವಾದ 15ರ ಪಾಲು ಆಹಾರಸರಪಳಿಯಲ್ಲಿ ಮೇಲೇರಿದಂತೆ ಹೆಚ್ಚುತ್ತದೆ. ಹಾಗಾಗಿ ಇಳಿಜಾರಿನ ಹಾವಸೆಯನ್ನೋ ಹುಲ್ಲನ್ನೋ ಪ್ರಯೋಗಾಲಯದಲ್ಲಿ ಅಳೆದರೆ, ಅದರೊಳಗಿನ ಸಾರಜನಕ ಸಮುದ್ರದಿಂದ ಬಂದದ್ದೆಂದು ಪತ್ತೆಯಾಗುತ್ತದೆ. ಆ ಹುಲ್ಲು ಮೇಯ್ದ ಹಿಮಸಾರಂಗದ ಮೈಗೂ ಅದು ಸೇರುತ್ತದೆ. ಸಮುದ್ರವನ್ನು ಎಂದೂ ಮುಟ್ಟದ ಪ್ರಾಣಿಯ ಮಾಂಸದಲ್ಲಿ ಸಮುದ್ರವಿದೆ. ಅದನ್ನು ಕೇಳಿದ ಮೇಲೆ ನನಗೆ ಆ ಇಳಿಜಾರಿನ ಹಸಿರಿನ ಗೆರೆ ಬೇರೆಯೇ ಆಗಿ ಕಂಡಿತು. ಅದು ಹಕ್ಕಿಗಳ ರೆಕ್ಕೆ ಎಳೆದ ದಡ; ಅಲ್ಲಿಯ ತನಕ ಸಮುದ್ರ ಬಂದಿದೆ.

ಹಕ್ಕಿ ಹೋದರೆ ಹಸಿರು ಹೋಗುತ್ತದೆ ಎಂಬುದಕ್ಕೆ ಸಾಕ್ಷಿ ಅಲಾಸ್ಕಾದ ಅಲೂಷಿಯನ್ ದ್ವೀಪಗಳಲ್ಲಿದೆ. ತುಪ್ಪಳದ ವ್ಯಾಪಾರಿಗಳು ಅಲ್ಲಿನ ಎಷ್ಟೋ ದ್ವೀಪಗಳಿಗೆ ನರಿಗಳನ್ನು ಒಯ್ದು ಬಿಟ್ಟರು. ನರಿಗಳು ಕಡಲಹಕ್ಕಿಗಳನ್ನು ತಿಂದು ಮುಗಿಸಿದವು. ಹಿಕ್ಕೆ ನಿಂತಿತು. ಎತ್ತರದ ಹುಲ್ಲುಗಾವಲಾಗಿದ್ದ ದ್ವೀಪಗಳು ಕ್ರಮೇಣ ಕುರುಚಲು ಟುಂಡ್ರಾ ಆದವು. 2005ರಲ್ಲಿ ಪ್ರಕಟವಾದ ಅಧ್ಯಯನ ನರಿಯಿರುವ ಮತ್ತು ಇಲ್ಲದ ದ್ವೀಪಗಳನ್ನು ಹೋಲಿಸಿ ಇದನ್ನು ತೋರಿಸಿತು. ನರಿಗಳಿದ್ದ ದ್ವೀಪದ ತುಂಡು ನೆಲಕ್ಕೆ ಗೊಬ್ಬರ ಹಾಕಿ ನೋಡಿದಾಗ ಹುಲ್ಲು ಹೆಚ್ಚಿತು.

ಮೂಗಿಗೆ ಚುಚ್ಚಿದ ಆ ಅಮೋನಿಯಾ ಎಲ್ಲವೂ ಮಣ್ಣಿಗೆ ಸೇರುವುದಿಲ್ಲ. ಒಂದಷ್ಟು ಗಾಳಿಗೇರುತ್ತದೆ. ಕಡಲ ಪಾಚಿಗಳಿಂದ ಏಳುವ ಗಂಧಕದ ಅನಿಲ ಗಾಳಿಯಲ್ಲಿ ಗಂಧಕಾಮ್ಲವಾಗುತ್ತದೆ. ಅಮೋನಿಯಾ ಅದರೊಡನೆ ಕೂಡಿ ಅತಿ ಸಣ್ಣ ಕಣಗಳಾಗುತ್ತದೆ. ಕಣಗಳು ಬೆಳೆದು ಅವುಗಳ ಮೇಲೆ ನೀರಾವಿ ಕೂತು ಮೋಡದ ಹನಿಗಳಾಗುತ್ತವೆ. ಆರ್ಕ್ಟಿಕ್ ಬೇಸಗೆಯ ಮೋಡಗಳಲ್ಲಿ ಕಡಲಹಕ್ಕಿಗಳ ಪಾಲಿದೆ, ಆ ಮೋಡಗಳು ಬಿಸಿಲನ್ನು ಹಿಂದಕ್ಕೆ ಎಸೆದು ನೆಲವನ್ನು ತುಸು ತಂಪಾಗಿಡುತ್ತವೆ ಎಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಕಟ್ಟಿ ತೋರಿಸಿದರು. ಅಂಗೈಯಗಲದ ಹಕ್ಕಿಗಳು ಸೇರಿ ಮೋಡಕ್ಕೆ ಬೀಜ ಹಾಕುತ್ತವೆ!

ಮನುಷ್ಯರು ತಂದ ಹಸಿರೂ ಇಲ್ಲಿದೆ, ಪಿರಮಿಡೆನ್ ಎಂಬಲ್ಲಿ. ಅದರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅದು ಸೋವಿಯತ್ ಒಕ್ಕೂಟದ ಕಲ್ಲಿದ್ದಲು ಗಣಿಯ ಊರು, 1998ರಲ್ಲಿ ಮುಚ್ಚಿದರು. ಲೆನಿನ್ ಪ್ರತಿಮೆಯ ಮುಂದೆ ಇಂದಿಗೂ ಹಸಿರು ಹುಲ್ಲುಹಾಸಿದೆ. ಅದರ ಮಣ್ಣನ್ನು ಹಡಗಿನಲ್ಲಿ ಉಕ್ರೇನಿನಿಂದ ತಂದರೆಂದು ಅಲ್ಲಿಯವರು ಹೇಳುತ್ತಾರೆ. ಗಣಿಗಾರರು ಹಸು, ಹಂದಿ, ಕೋಳಿ ಸಾಕಿದ್ದರು. ಈಗ ಜನ ಹೋದ ಮನೆಗಳ ಕಿಟಕಿಯಂಚುಗಳಲ್ಲಿ ಕಿಟ್ಟಿವೇಕ್‌ಗಳು ಗೂಡು ಕಟ್ಟಿ, ಗೋಡೆಯುದ್ದಕ್ಕೂ ಬಿಳಿ ಹರಿಸಿವೆ.

ದೋಣಿ ಉತ್ತರಕ್ಕೆ ಹೋಗಿ ನೀ-ಓಲೆಸುಂಡ್ ಎಂಬ ಊರಿಗೆ ಮುಟ್ಟಿತು. ಬಂದರಿನಲ್ಲೇ ಮೊಬೈಲಿನ ವೈಫೈ, ಬ್ಲೂಟೂತ್ ಆರಿಸಬೇಕು. ಅಲ್ಲಿನ ರೇಡಿಯೋ ದೂರದರ್ಶಕಕ್ಕೆ ಅಡ್ಡಿಯಾಗುತ್ತದೆ. 1926ರ ಮೇ 11ರಂದು ಧ್ರುವಯಾತ್ರಿಕ ಅಮುಂಡ್ಸೆನ್ ತಂಡದ ನೋರ್ಗೆ ವಾಯುನೌಕೆ ಉತ್ತರ ಧ್ರುವದತ್ತ ಹೊರಟದ್ದು ಇಲ್ಲಿಂದ. ಅದನ್ನು ಕಟ್ಟಿದ್ದ ಕಂಬ ಇನ್ನೂ ನಿಂತಿದೆ. 1962ರ ಗಣಿ ದುರಂತದಲ್ಲಿ 21 ಜನ ಸತ್ತರು, ಮರುವರ್ಷ ಗಣಿ ನಿಂತಿತು. ಈಗ ಊರೆಲ್ಲ ಸಂಶೋಧನೆಯದು. ನಾವು ಹೋದಾಗ ಚೀನಾದ ಕೇಂದ್ರದ ಬಾಗಿಲಲ್ಲಿ ಎರಡು ಕಲ್ಲಿನ ಸಿಂಹಗಳಿದ್ದವು. ಅಲ್ಲೇ ನಮ್ಮ ಹಿಮಾದ್ರಿ, 2008ರ ಜುಲೈ 1ರಂದು ಆರಂಭವಾದ ಭಾರತದ ಕೇಂದ್ರ. ಬಹುಕಾಲ ಬೇಸಗೆಯಲ್ಲಿ ಮಾತ್ರ ಜನವಿರುತ್ತಿತ್ತು. 2023ರ ಡಿಸೆಂಬರಿನಿಂದ ಚಳಿಗಾಲದ ಕತ್ತಲಲ್ಲೂ ನಮ್ಮವರು ಇರತೊಡಗಿದರು. ಆ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಮರದ ಆ ಮನೆಯ ಮುಂದೆ ನಿಂತಾಗ ಅಕ್ಕನ ಕಣ್ಣು ತುಂಬಿತು, ನನ್ನದೂ.

ರಸ್ತೆಯ ಎರಡೂ ಬದಿ ಬಾರ್ನಕಲ್ ಹೆಬ್ಬಾತುಗಳು ಮರಿಗಳ ಜೊತೆ ಮೇಯುತ್ತಿದ್ದವು. ಇವು ಚಳಿಗಾಲ ಕಳೆಯುವುದು ಸ್ಕಾಟ್ಲೆಂಡಿನ ಗಡಿಯ ಸಾಲ್ವೇ ತೀರದಲ್ಲಿ. 1948ರಲ್ಲಿ ಅಲ್ಲಿ ಸುಮಾರು 300 ಮಾತ್ರ ಉಳಿದಿದ್ದವು. ಬೇಟೆ ನಿಂತಿತು, ರಕ್ಷಣೆ ಸಿಕ್ಕಿತು. ಜೊತೆಗೆ ತೀರದ ಹೊಲಗಳಲ್ಲಿ ರಸಗೊಬ್ಬರ ಹಾಕಿ ಬೆಳೆಸಿದ ಪುಷ್ಟ ಹುಲ್ಲೂ ಸಿಕ್ಕಿತು. ಸಂಖ್ಯೆ 40,000ದ ಆಸುಪಾಸಿಗೆ ಏರಿತು. 2021–22ರ ಚಳಿಗಾಲದ ಹಕ್ಕಿಜ್ವರ ಅದರ ಮೂರನೇ ಒಂದು ಭಾಗದಷ್ಟನ್ನು ಕೊಂದಿತು. ಬಿರ್ಕಲೆಂಡ್, ಹೇಬರ್ ಬಿಡಿಸಿದ ಸಾರಜನಕ ಹೊಲದ ಹುಲ್ಲಾಗಿ, ಹೆಬ್ಬಾತಿನ ರೆಕ್ಕೆಯ ಸ್ನಾಯುವಾಗಿ, ಸಮುದ್ರ ದಾಟಿ ಈ ಹಾವಸೆಯ ಮೇಲೆ ಬಂದು ಇಳಿದಿದೆ.

ಅಕ್ಕ ಮಾರ್ಗದರ್ಶಿಯನ್ನು ಕೇಳಿದಳು: ನೆಲ ಬೆಚ್ಚಗಾಗಿ ಹೆಪ್ಪು ಕರಗಿದರೆ ಸಾರಜನಕ ಬಿಡುಗಡೆಯಾಗುತ್ತದೆ, ಹಸಿರು ಹೆಚ್ಚುತ್ತದೆ, ಹಸಿರು ಇಂಗಾಲವನ್ನು ಹೀರುತ್ತದೆ, ಅದು ಒಳ್ಳೆಯದೇ ಅಲ್ಲವೇ? ಹುಡುಗಿ ತಲೆಯಾಡಿಸಿ, ಅಲಾಸ್ಕಾದ ಟೂಲಿಕ್ ಸರೋವರದ ಪ್ರಯೋಗ ಹೇಳಿದಳು. ಅಲ್ಲಿ ಟುಂಡ್ರಾದ ತುಂಡು ನೆಲಕ್ಕೆ ಇಪ್ಪತ್ತು ವರ್ಷ ಸಾರಜನಕ ಮತ್ತು ರಂಜಕದ ಗೊಬ್ಬರ ಹಾಕಿದರು. ಕುಳ್ಳ ಬರ್ಚ್ ಪೊದೆಗಳು ಎದ್ದು ನೆಲ ಮುಚ್ಚಿದವು. ಆದರೆ 2004ರಲ್ಲಿ ಲೆಕ್ಕ ತೆಗೆದಾಗ ಒಟ್ಟಾರೆ ಚದರ ಮೀಟರಿಗೆ ಸುಮಾರು 2 ಕಿಲೋ ಇಂಗಾಲ ನಷ್ಟವಾಗಿತ್ತು. ಗಿಡಗಳ ಜೊತೆಗೆ ಮಣ್ಣಿನ ಸೂಕ್ಷ್ಮಜೀವಿಗಳೂ ಚುರುಕಾಗಿ, ಆಳದಲ್ಲಿ ಹಳೆಯ ಕಾಲದಿಂದ ಕೂತಿದ್ದ ಇಂಗಾಲವನ್ನು ತಿಂದು ಗಾಳಿಗೆ ಬಿಟ್ಟಿದ್ದವು. ಕರಗುವ ನೆಲದಲ್ಲಿ ಇನ್ನೊಂದು ತೊಡಕಿದೆ. ಕರಗುವಿಕೆ ಅತಿ ಆಳ ತಲುಪುವುದು ಬೇಸಗೆಯ ಕೊನೆಯಲ್ಲಿ, ಎಲೆಗಳು ಕೆಂಪಾಗುವ ಹೊತ್ತಿಗೆ. ಆಗ ಅಲ್ಲಿ ಬಿಡುಗಡೆಯಾದ ಸಾರಜನಕವನ್ನು ಹಿಡಿಯಲು ಹತ್ತಿಹುಲ್ಲಿನಂಥ ಆಳಬೇರಿನ ಕೆಲವಕ್ಕೆ ಮಾತ್ರ ಸಾಧ್ಯ. ಯಾರೂ ಹಿಡಿಯದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಮತ್ತೆ ಅನಿಲ ಮಾಡುತ್ತವೆ. ಅದರ ಒಂದು ಪಾಲು ನೈಟ್ರಸ್ ಆಕ್ಸೈಡ್, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಬಿಸಿಯೇರಿಸುವಂಥದು. ರಷ್ಯಾದ ಟುಂಡ್ರಾದಲ್ಲಿ ಗಿಡವಿಲ್ಲದ ಪೀಟ್ ಮಣ್ಣಿನ ಬೋಳು ವೃತ್ತಗಳಿಂದ ಅದು ಹೇರಳವಾಗಿ ಏಳುವುದನ್ನು 2009ರಲ್ಲಿ ವರದಿ ಮಾಡಿದ್ದಾರೆ. ಸ್ವಾಲ್ಬಾರ್ಡ್ ಲೋಕದ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ. ಅಕ್ಕ ಸುಮ್ಮನೆ ಕೇಳಿಸಿಕೊಂಡಳು. ನನಗೆ ಭಯವಾಯಿತು, ಈ ನೆಲವನ್ನು ಪ್ರೀತಿಸಲು ಶುರುಮಾಡಿದ ಹೊತ್ತಿಗೇ ಬಂದ ಭಯ.

ಊರಿನಾಚೆ ಬಯಲಿನಲ್ಲಿ ತಂತಿಬಲೆ ಸುತ್ತಿದ ಚೌಕಗಳಿದ್ದವು. ಹೆಬ್ಬಾತು ಒಳಗೆ ಹೋಗದಂತೆ ವಿಜ್ಞಾನಿಗಳು ಕಟ್ಟಿದ್ದು. ಹೊರಗೆ ಹೆಬ್ಬಾತು ಮೇಯ್ದ ನೆಲದಲ್ಲಿ ಹಾವಸೆಯದೇ ರಾಜ್ಯ, ಹುಲ್ಲು ಕಚ್ಚಿ ಕಚ್ಚಿ ಮೋಟು. ಬಲೆಯೊಳಗೆ ಹುಲ್ಲು ಎದ್ದಿತ್ತು, ಹೂ ಬಿಟ್ಟಿತ್ತು. ಅಕ್ಕ ಬಲೆಯ ಪಕ್ಕ ಕುಳಿತು, ಕನ್ನಡಕ ಮೇಲೇರಿಸಿ, ಒಳಗಿನ ಗಿಡಗಳ ಹೆಸರನ್ನು ಒಂದೊಂದಾಗಿ ಹೇಳತೊಡಗಿದಳು, ನಾನು ಬರೆದುಕೊಳ್ಳುತ್ತಿದ್ದೆ. ಹೊರಗಿನ ಪಟ್ಟಿ ಒಂದು ಸಾಲಿಗೆ ಮುಗಿಯಿತು. ಒಳಗಿನದು ಪುಟದ ಕೆಳಗೆ ಬಂದಾಗ ದೋಣಿಯ ಸೈರನ್ ಕೂಗಿತು. "ಇರೋ, ಈ ಮೂಲೇಲಿ ಇನ್ನೂ ಎರಡಿವೆ" ಎಂದಳು. ಹುಡುಗಿ ದೋಣಿಯವರಿಗೆ ಕೈಯೆತ್ತಿ ಕಾಯಲು ಹೇಳಿದಳು.